ಕ್ಯಾನ್ಸರ್ ಜೀನೋಮ್ ಅನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಕೂಡಿಸಬೇಕು

ಬಾಯಿ ಕ್ಯಾನ್ಸರ್‌ನ ಗಡ್ಡೆಗಳ ಜೀನೋಮ್ ಅನ್ನು, ಅಂದರೆ ಜೀವಕೋಶದ ಇಡೀ ಡಿಎನ್‌ಎಯನ್ನು, ಕಂಪ್ಯೂಟರ್‌ನಲ್ಲಿ ವಿಶ್ಲೇಷಿಸುವುದು ನನ್ನ ದಿನನಿತ್ಯದ ಕೆಲಸ. ತಂಬಾಕು ಜಗಿಯುವವರು ಇಷ್ಟೊಂದು ಇರುವ ನಮ್ಮ ದೇಶದಲ್ಲಿ ಕೆನ್ನೆಯ ಒಳಭಾಗಕ್ಕೂ ವಸಡಿಗೂ ತಗಲುವ ಈ ಕಾಯಿಲೆ ತೀರ ಸಾಮಾನ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಕೈಗೆತ್ತಿಕೊಂಡದ್ದೂ ಇದನ್ನೇ. ಪ್ರತಿ ರೋಗಿಯಿಂದ ಎರಡು ಮಾದರಿ ಬರುತ್ತವೆ: ಗಡ್ಡೆಯದೊಂದು, ರಕ್ತದ್ದೊಂದು. ಹೆಸರನ್ನು ಆಸ್ಪತ್ರೆಯಲ್ಲೇ ತೆಗೆದುಹಾಕಿ ಸಂಕೇತ ಸಂಖ್ಯೆಯನ್ನಷ್ಟೇ ಕೊಡುತ್ತಾರೆ. ರಕ್ತದಲ್ಲಿಲ್ಲದೆ ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆಗಳನ್ನು ನಾನು ಹುಡುಕಬೇಕು.

ಮನುಷ್ಯನ ಜೀನೋಮ್‌ನಲ್ಲಿ ಎ, ಸಿ, ಜಿ, ಟಿ ಎಂಬ ನಾಲ್ಕು ಬಗೆಯ ಸುಮಾರು 300 ಕೋಟಿ ಅಕ್ಷರಗಳಿವೆ. ಗಡ್ಡೆಯಲ್ಲಿ ಆರೋಗ್ಯವಂತ ಜೀವಕೋಶಗಳೂ ಬೆರೆತಿರುವುದರಿಂದ ಪ್ರತಿ ಅಕ್ಷರವನ್ನು ಸರಾಸರಿ 60 ಬಾರಿ ಓದಿಸುತ್ತೇವೆ. ಅಂದರೆ 150 ಅಕ್ಷರಗಳ 120 ಕೋಟಿ ತುಣುಕುಗಳು! ಪ್ರತಿ ತುಣುಕು ಜೀನೋಮ್‌ನಲ್ಲಿ ಎಲ್ಲಿಯದೆಂದು ಪತ್ತೆ ಹಚ್ಚಲು ಪ್ರೊಸೆಸರ್‌ನ ಒಂದೇ ಕೋರ್‌ಗೆ ಬಿಟ್ಟರೆ ದಿನಗಟ್ಟಲೆ ಹಿಡಿಯುತ್ತದೆ. ಹಲವು ಕಂಪ್ಯೂಟರ್‌ಗಳನ್ನು ಜೋಡಿಸಿದ ಕ್ಲಸ್ಟರ್‌ನಲ್ಲಿ ತುಣುಕುಗಳನ್ನು ಹಂಚಿಬಿಟ್ಟರಾಯಿತು, ಒಂದಕ್ಕೊಂದು ಕಾಯಬೇಕಿಲ್ಲ.

ತಲೆ ಓಡಿಸಬೇಕಾದದ್ದು ಬದಲಾವಣೆಗಳನ್ನು ಹುಡುಕುವ ಹಂತದಲ್ಲಿ. ಹಲವರು ಕ್ರೋಮೋಸೋಮ್‌ಗೊಂದು ಜಾಬ್, ಅಂದರೆ ಕ್ಲಸ್ಟರ್‌ಗೆ ಒಪ್ಪಿಸುವ ಒಂದು ಕೆಲಸ, ಹಾಕುತ್ತಾರೆ. ಆದರೆ 1ನೇ ಕ್ರೋಮೋಸೋಮ್‌ನಲ್ಲಿ ಸುಮಾರು 25 ಕೋಟಿ ಅಕ್ಷರಗಳಿದ್ದರೆ 21ನೆಯದರಲ್ಲಿ ಐದು ಕೋಟಿಯೂ ಇಲ್ಲ. ಸಣ್ಣವು ಬೇಗ ಮುಗಿದು, ದೊಡ್ಡದಕ್ಕಾಗಿ ಕಾಯುತ್ತಾ ಕೂರಬೇಕು. ಹಾಗಾಗಿ ನಾನು ಇಡೀ ಜೀನೋಮ್ ಅನ್ನು ಸರಿಸುಮಾರು ಸಮನಾದ ಹೋಳುಗಳಾಗಿ ಮಾಡುತ್ತೇನೆ. ಹೋಲಿಕೆಗೆ ಬಳಸುವ ಆಕರ ಜೀನೋಮ್‌ನಲ್ಲಿ ಅಕ್ಷರ ತಿಳಿಯದೆ ‘ಎನ್’ ಎಂದು ಬಿಟ್ಟಿರುವ ಖಾಲಿ ಜಾಗಗಳಲ್ಲೇ ಆದಷ್ಟು ಕತ್ತರಿಸುತ್ತೇನೆ. ಅಲ್ಲಿ ಕತ್ತರಿ ಆಡಿಸಿದರೆ ಯಾವ ಬದಲಾವಣೆಯೂ ಎರಡು ತುಂಡಾಗುವುದಿಲ್ಲ. ಈ ಹೋಳುಗಳನ್ನು ಕ್ಲಸ್ಟರ್‌ನಲ್ಲಿ ಕೆಲಸ ಹಂಚುವ ಸ್ಲರ್ಮ್ ಎಂಬ ತಂತ್ರಾಂಶಕ್ಕೆ ಅರೇ ಜಾಬ್ (ಒಂದೇ ಬಗೆಯ ಜಾಬ್‌ಗಳ ಸಾಲು) ಆಗಿ ಕೊಟ್ಟರೆ, ಜಾಗ ತೆರವಾದ ನೋಡ್‌ಗೆ (ಕ್ಲಸ್ಟರ್‌ನ ಒಂದು ಕಂಪ್ಯೂಟರ್‌ಗೆ) ಮುಂದಿನ ಹೋಳು ತಾನಾಗಿ ಹೋಗುತ್ತದೆ.

ಸಿಕ್ಕ ಬದಲಾವಣೆಗಳಲ್ಲಿ ಸುಳ್ಳಾದವನ್ನು ಸೋಸುವ ಕೆಲಸವನ್ನು ಮಾತ್ರ ಹೋಳು ಹೋಳಾಗಿ ಮಾಡಲೇಬಾರದು. ಫಾರ್ಮಾಲಿನ್‌ನಲ್ಲಿಟ್ಟ ಅಂಗಾಂಶದ ಡಿಎನ್‌ಎ ಹಾಳಾಗಿ ‘ಸಿ’ ಇದ್ದಲ್ಲಿ ‘ಟಿ’ ಕಾಣಿಸುವುದುಂಟು. ನೋಡಿದರೆ ಅಪ್ಪಟ ಕ್ಯಾನ್ಸರ್ ಬದಲಾವಣೆಯಂತೆಯೇ ಇರುತ್ತದೆ. ಅದನ್ನು ಸುಳ್ಳೆಂದು ಹಿಡಿಯಲು ಇಂಥ ಬದಲಾವಣೆಗಳು ಇಡೀ ಮಾದರಿಯಲ್ಲಿ ಎಷ್ಟಿವೆ, ತುಣುಕುಗಳನ್ನು ಯಾವ ದಿಕ್ಕಿನಿಂದ ಓದಿದಾಗ ಕಾಣುತ್ತವೆ ಎಂಬ ಒಟ್ಟು ಲೆಕ್ಕ ಬೇಕು. ಒಂದೇ ಹೋಳು ಆ ಲೆಕ್ಕ ಕೊಡಲಾರದು. ಹಾಗಾಗಿ ಎಲ್ಲ ಹೋಳುಗಳೂ ಯಶಸ್ವಿಯಾಗಿ ಮುಗಿಯುವವರೆಗೆ ಸೋಸುವ ಜಾಬ್ ಶುರುವಾಗದಂತೆ ಕಟ್ಟಿಹಾಕಿರುತ್ತೇನೆ. ರೋಗಿ ಕಾಯುತ್ತಿರುವಾಗಲೂ ಈ ವಿಷಯದಲ್ಲಿ ಅವಸರ ಸಲ್ಲದು. ತಪ್ಪು ಬದಲಾವಣೆ ನಂಬಿದರೆ ತಪ್ಪು ಔಷಧಕ್ಕೆ ದಾರಿಯಾಗಬಹುದು.

ಕೊನೆಗೆ ಉಳಿದ ಪಟ್ಟಿಯಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ53ರಂಥ ಮುಖ್ಯ ಜೀನ್‌ಗಳನ್ನು ಪರದೆಯ ಮೇಲೆ ಒಂದೊಂದಾಗಿ ತೆರೆದು, ಎಷ್ಟು ತುಣುಕುಗಳು ಸಾಕ್ಷಿ ಹೇಳುತ್ತವೆ, ರಕ್ತದಲ್ಲಿ ಒಂದಾದರೂ ಇದೆಯೇ ಎಂದು ಕಣ್ಣಾರೆ ನೋಡುತ್ತೇನೆ. ಚಿಕಿತ್ಸೆಗೆ ಸಂಬಂಧಿಸಿದ್ದೇನಾದರೂ ಸಿಕ್ಕರೆ, ವೈದ್ಯರ ಕೈಗೆ ಹೋಗುವ ಮೊದಲು ಪ್ರಯೋಗಾಲಯದಲ್ಲಿ ಬೇರೊಂದು ವಿಧಾನದಿಂದ ಅದನ್ನು ಖಚಿತಪಡಿಸಿಕೊಳ್ಳುತ್ತೇವೆ.