ಜಪಾನಿನಲ್ಲಿ ಬಂದೂಕಿನ ಪರವಾನಗಿ ಪಡೆಯುವ ಬಗೆ

ಜಪಾನಿನಲ್ಲಿ ನೆಲೆಸಿ, ಅಲ್ಲಿಯ ಶೂಟಿಂಗ್ ರೇಂಜಿನಲ್ಲಿ ಗುರಿಯ ಅಭ್ಯಾಸ ಮಾಡಬೇಕೆಂದಿರುವವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಅಲ್ಲಿನ ಕಾನೂನು ಬಂದೂಕಿಗಿಂತ ಹೆಚ್ಚಾಗಿ ಅದನ್ನು ಹಿಡಿಯುವ ಮನುಷ್ಯನನ್ನು ಪರೀಕ್ಷಿಸುತ್ತದೆ. 1958ರ ಬಂದೂಕು ಮತ್ತು ಖಡ್ಗಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳುವುದೇ ನಿಷಿದ್ಧ, ಪರವಾನಗಿ ಎಂಬುದು ಆ ನಿಷೇಧಕ್ಕೆ ಕೊಡುವ ವಿನಾಯಿತಿ. ಬೇಟೆ, ಬೆಳೆ ಹಾಳುಮಾಡುವ ಪ್ರಾಣಿಗಳ ನಿಯಂತ್ರಣ, ಗುರಿ ಕ್ರೀಡೆ ಇವು ಒಪ್ಪಿತ ಕಾರಣಗಳು. ಆತ್ಮರಕ್ಷಣೆಯನ್ನು ಕಾರಣವೆಂದು ಒಪ್ಪುವುದಿಲ್ಲವಾದ್ದರಿಂದ ಅದು ನಿಮ್ಮ ಮನಸ್ಸಿನಲ್ಲಿದ್ದರೆ ಈ ದಾರಿಗೆ ಇಳಿಯದಿರುವುದೇ ಒಳ್ಳೆಯದು. ಅತ್ಯಲ್ಪ ಸಂಖ್ಯೆಯ ಕ್ರೀಡಾಪಟುಗಳನ್ನು ಬಿಟ್ಟರೆ ಪಿಸ್ತೂಲು ಸಾಮಾನ್ಯರಿಗೆ ಸಿಗುವುದೂ ಇಲ್ಲ. ನಿಮ್ಮ ಪಾಲಿಗೆ ಉಳಿಯುವುದು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್ ಮತ್ತು ಒಂದೇ ಬಾರಿಗೆ ಹಲವು ಸಣ್ಣ ಗುಂಡುಗಳನ್ನು ಚದುರಿಸುವ ಶಾಟ್‌ಗನ್.

ಆರಂಭ ನಿಮ್ಮ ವಾಸಸ್ಥಳದ ಪೊಲೀಸ್ ಠಾಣೆಯಲ್ಲಿ. ಅಲ್ಲಿನ ನಾಗರಿಕ ಸುರಕ್ಷತಾ ವಿಭಾಗ ಈ ಕೆಲಸವನ್ನು ನೋಡಿಕೊಳ್ಳುತ್ತದೆ, ಪರವಾನಗಿ ಕೊಡುವ ಅಧಿಕಾರ ಪ್ರಾಂತದ ಸಾರ್ವಜನಿಕ ಸುರಕ್ಷತಾ ಆಯೋಗದ್ದು. ಸಂಬಂಧಪಟ್ಟ ಅಧಿಕಾರಿ ಹೊರಗೆ ಹೋಗಿರುವುದು ಸಾಮಾನ್ಯವಾದ್ದರಿಂದ ಮುಂಚಿತವಾಗಿ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಹೋಗಿ. ಬೇಟೆಗಾಗಿ ಶಾಟ್‌ಗನ್ ಕೇಳುವವರಿಗೆ 20 ವರ್ಷ ತುಂಬಿರಬೇಕು. ಮೊದಲ ಹೆಜ್ಜೆಯಾದ ಹೊಸಬರ ತರಗತಿಗೆ ಶುಲ್ಕ 6,900 ಯೆನ್. ದಿನದ ಹೆಚ್ಚು ಹೊತ್ತು ಕಾನೂನು ಮತ್ತು ಸುರಕ್ಷಿತ ಬಳಕೆಯ ಪಾಠ ನಡೆದು, ಕೊನೆಗೆ ಸರಿ ಅಥವಾ ತಪ್ಪು ಎಂದು ಗುರುತಿಸುವ 50 ಪ್ರಶ್ನೆಗಳ ಪರೀಕ್ಷೆ ಇರುತ್ತದೆ. ಅವುಗಳಲ್ಲಿ 45 ಸರಿಯಾದರೆ ಮಾತ್ರ ತೇರ್ಗಡೆ. ಪ್ರಶ್ನೆಗಳು ಜಪಾನಿ ಕಾನೂನು ಭಾಷೆಯಲ್ಲಿರುತ್ತವೆ, ಒಂದು ಪದದ ವ್ಯತ್ಯಾಸದಿಂದ ಉತ್ತರವೇ ತಿರುಗಿಬಿಡುತ್ತದೆ. ಆಡುಮಾತು ಬಂದರೆ ಸಾಲದು, ಜಪಾನಿ ಬರಹದಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳಾದ ಕಾಂಜಿ ಓದುವ ಅಭ್ಯಾಸವೂ ಬೇಕು. ತೇರ್ಗಡೆಯ ಪ್ರಮಾಣಪತ್ರ 3 ವರ್ಷ ಮಾನ್ಯವಾಗಿರುತ್ತದೆ.

ಇದಾದ ಮೇಲೆ ಗುಂಡು ಹಾರಿಸುವ ತರಬೇತಿಗೆ ಅರ್ಹತೆ ಕೋರಿ 8,900 ಯೆನ್ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬೇಕು. ಇಲ್ಲಿಂದ ಮುಂದಿನದು ನಿಮ್ಮ ಬದುಕಿನ ಪರಿಶೀಲನೆ. ಓದು, ಉದ್ಯೋಗ, ವಿಳಾಸಗಳ ವಿವರ, ಜೊತೆಯಲ್ಲಿ ವಾಸಿಸುವವರ ಪಟ್ಟಿ, ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪತ್ರ ಇವೆಲ್ಲವನ್ನೂ ಕೊಡಬೇಕು. ಪೊಲೀಸರು ಮನೆಯವರನ್ನೂ ನೆರೆಹೊರೆಯವರನ್ನೂ ಕೆಲವೊಮ್ಮೆ ಸಹೋದ್ಯೋಗಿಗಳನ್ನೂ ಮಾತನಾಡಿಸುತ್ತಾರೆ. ಮದ್ಯ ಅಥವಾ ಮಾದಕ ವಸ್ತುಗಳ ವ್ಯಸನ, ಕೌಟುಂಬಿಕ ಹಿಂಸೆ, ಹಿಂಬಾಲಿಸಿ ಕಾಡಿದ ದೂರು, ತೀರದ ದಿವಾಳಿತನ ಇವೆಲ್ಲ ಅರ್ಜಿಯನ್ನು ತಡೆಯುತ್ತವೆ. ಇಷ್ಟು ಬಿಗಿ ಸುಮ್ಮನೆ ಬಂದದ್ದಲ್ಲ. 2007ರ ಡಿಸೆಂಬರಿನಲ್ಲಿ ಸಾಸೆಬೊ ನಗರದ ಕ್ರೀಡಾ ಕ್ಲಬ್ಬಿನಲ್ಲಿ ಪರವಾನಗಿ ಪಡೆದ ಬಂದೂಕಿನಿಂದಲೇ ಕೊಲೆಗಳು ನಡೆದ ಬಳಿಕ, ಮರುವರ್ಷ ಕಾಯ್ದೆಗೆ ತಿದ್ದುಪಡಿ ಬಂದು ಅರ್ಹತೆಯ ನಿಯಮಗಳು ಕಠಿಣವಾದವು. ಆದ್ದರಿಂದ ಅರ್ಜಿ ಕೊಡುವ ಮೊದಲೇ ಮನೆಯವರೊಂದಿಗೆ ಬಿಡಿಸಿ ಮಾತನಾಡಿ. ಹೆಂಡತಿಯೋ ಗಂಡನೋ ಹೆದರುತ್ತಿದ್ದರೆ ಆ ಹೆದರಿಕೆಗೆ ಬೆಲೆಯಿದೆ, ಅಧಿಕಾರಿಗಳೂ ಅದನ್ನು ಕೇಳಿಸಿಕೊಳ್ಳುತ್ತಾರೆ. ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಮುಚ್ಚಿಟ್ಟ ಸಣ್ಣ ಸಂಗತಿ ಒಪ್ಪಿಕೊಂಡ ದೊಡ್ಡ ಸಂಗತಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಅರ್ಹತೆ ದೊರೆತ ಮೇಲೆ ತರಬೇತಿಗೆ 3 ತಿಂಗಳ ಅವಧಿ ಇರುತ್ತದೆ, ತೋಟಾ ಪಡೆಯಲು 2,400 ಯೆನ್ನಿನ ಪ್ರತ್ಯೇಕ ಅನುಮತಿಯೂ ಬೇಕು. ತರಬೇತಿಯ ದಿನದ ಪರೀಕ್ಷೆಯಲ್ಲಿ, ತಟ್ಟೆಗಳು ಎದುರಿನಿಂದ ದೂರಕ್ಕೆ ಹಾರುವ ‘ಟ್ರ್ಯಾಪ್’ ಆರಿಸಿಕೊಂಡವರು 25 ಮಣ್ಣಿನ ತಟ್ಟೆಗಳಲ್ಲಿ 2ಕ್ಕೆ, ತಟ್ಟೆಗಳು ಪಕ್ಕಗಳಿಂದ ಅಡ್ಡ ಹಾಯುವ ‘ಸ್ಕೀಟ್’ ಆರಿಸಿಕೊಂಡವರು 3ಕ್ಕೆ ಗುರಿ ತಗುಲಿಸಿದರೆ ಸಾಕು. ಇಷ್ಟು ಕಡಿಮೆಯೇ ಎಂದು ಹಗುರಾಗಬೇಡಿ, ಏಕೆಂದರೆ ಬೋಧಕರ ಕಣ್ಣು ತಟ್ಟೆಯ ಮೇಲಿರುವುದಕ್ಕಿಂತ ಹೆಚ್ಚು ನಿಮ್ಮ ಕೈಮೇಲಿರುತ್ತದೆ. ಬಂದೂಕು ಮುಟ್ಟಿದಾಗಲೆಲ್ಲ ಒಳಗೆ ತೋಟಾ ಇಲ್ಲವೆಂದು ನೋಡಿಕೊಳ್ಳುವುದನ್ನು ಅಲ್ಲಿ ‘ದಪ್ಪೋ’ ಎಂದೂ, ನಳಿಗೆಯ ಮುಂದೆ ಮತ್ತು ಅದರಾಚೆ ಏನಿದೆಯೆಂದು ಖಚಿತಪಡಿಸಿಕೊಳ್ಳುವುದನ್ನು ‘ಯಾಸಾಕಿ’ ನೋಡುವುದೆಂದೂ ಹೇಳುತ್ತಾರೆ. ನಿಂತ ಜಾಗದಲ್ಲಿ ಸರದಿ ಬಂದಾಗಲಷ್ಟೇ ತೋಟಾ ತುಂಬುವುದು, ಅಲ್ಲಿಂದ ಸರಿಯುವ ಮೊದಲು ನಳಿಗೆ ಮಡಚಿ ತೆರೆಯುವುದು, ಗುಂಡು ಹಾರಿಸುವ ಕ್ಷಣದವರೆಗೂ ಬೆರಳನ್ನು ಟ್ರಿಗರಿನಿಂದ ಹೊರಗಿಡುವುದು ಇವು ಯಾರೂ ನೆನಪಿಸದೆ ಆಗಬೇಕು. ಇಷ್ಟನ್ನು ರೂಢಿಸಿಕೊಂಡವರಿಗೆ ಗುರಿ ತಾನಾಗಿ ಬರುತ್ತದೆಂಬುದು ನನ್ನ ದೃಢ ನಂಬಿಕೆ.

ಬಂದೂಕನ್ನು ಅಂಗಡಿಯಲ್ಲಿ ಮೊದಲು ಆಯ್ಕೆ ಮಾಡಿ, ಮಾರುವ ಒಪ್ಪಿಗೆ ಪತ್ರ ಪಡೆದು, ಆಮೇಲೆ 10,500 ಯೆನ್ನಿನೊಂದಿಗೆ ಪರವಾನಗಿಯ ಅರ್ಜಿ ಸಲ್ಲಿಸಬೇಕು. ಒಂದು ಪರವಾನಗಿ ಒಂದೇ ಬಂದೂಕಿಗೆ ಸಲ್ಲುವುದರಿಂದ ಎರಡನೆಯದಕ್ಕೆ ಮತ್ತೊಂದು ಅರ್ಜಿ ಬೇಕಾಗುತ್ತದೆ. ಬಂದೂಕಿನ ಲಾಕರ್ ಗೋಡೆಗೋ ಕಂಬಕ್ಕೋ ಬಿಗಿದಿರಬೇಕು, ತೋಟಾಗಳಿಗೆ ಬೇರೆಯದೇ ಪೆಟ್ಟಿಗೆ ಬೇಕು. ಪೊಲೀಸರು ಮನೆಗೆ ಬಂದು ಇವನ್ನು ನೋಡುತ್ತಾರೆ. ಅನುಮತಿ ಸಿಕ್ಕಿದ 3 ತಿಂಗಳೊಳಗೆ ಬಂದೂಕು ಕೈಗೆ ಬರಬೇಕು, ಬಂದ 14 ದಿನಗಳೊಳಗೆ ಠಾಣೆಗೆ ಒಯ್ದು ತೋರಿಸಬೇಕು. ಕೀಲಿ ನಿಮ್ಮೊಬ್ಬರ ಬಳಿ ಮಾತ್ರ ಇರಲಿ, ಅದರ ಜಾಗ ಮನೆಯವರಿಗೂ ತಿಳಿಯಬಾರದು.

ಪರವಾನಗಿ ಸಿಕ್ಕ ಮೇಲೆ ಬರುವ ನಿಮ್ಮ ಮೂರನೆಯ ಹುಟ್ಟುಹಬ್ಬದವರೆಗೆ ಅದು ನಡೆಯುತ್ತದೆ. ನವೀಕರಣಕ್ಕೆ ಮತ್ತೆ ತರಗತಿ, ಮತ್ತೆ ವೈದ್ಯರ ಪತ್ರ ಬೇಕು. ವರ್ಷಕ್ಕೊಮ್ಮೆ ಬಂದೂಕು ಮತ್ತು ತೋಟಾ ಲೆಕ್ಕದ ಪುಸ್ತಕದ ತಪಾಸಣೆ ನಡೆಯುವುದರಿಂದ ಖರೀದಿಸಿದ್ದನ್ನೂ ಹಾರಿಸಿದ್ದನ್ನೂ ಅದೇ ದಿನ ಬರೆದಿಡಿ. ಬಹುಕಾಲ ಬಳಸದೆ ಇಟ್ಟರೆ ಪರವಾನಗಿಯೇ ರದ್ದಾಗಬಹುದು. ರೈಫಲ್ ಬೇಕೆನ್ನುವವರು ಸಾಮಾನ್ಯವಾಗಿ ಶಾಟ್‌ಗನ್ನನ್ನು 10 ವರ್ಷ ಎಡೆಬಿಡದೆ ಹೊಂದಿರಬೇಕು. ನಳಿಗೆಯ ಅರ್ಧದಷ್ಟು ಮಾತ್ರ ಸುರುಳಿ ಗೀರುಗಳಿರುವ ‘ಹಾಫ್ ರೈಫಲ್’ಗೆ ಮುಂಚೆ ಈ ಕಾಯುವಿಕೆ ಇರಲಿಲ್ಲ. 2023ರಲ್ಲಿ ನಾಗಾನೊ ಪ್ರಾಂತದಲ್ಲಿ ನಡೆದ ಹತ್ಯೆಗಳ ನಂತರ, 2024ರ ತಿದ್ದುಪಡಿ ಅದನ್ನೂ ಬಿಗಿಗೊಳಿಸಿತು.

ಬೇಟೆಗೆ ಹೋಗುವವರಿಗೆ ಇದರ ಮೇಲೆ ಪ್ರಾಂತದ ಬೇಟೆ ಪರವಾನಗಿ, ವರ್ಷ ವರ್ಷದ ನೋಂದಣಿ ಮತ್ತು ಬೇಟೆ ತೆರಿಗೆ ಇವೆ. ಋತು ಬಹುತೇಕ ಕಡೆ ನವೆಂಬರ್ 15ರಿಂದ ಫೆಬ್ರವರಿ 15ರವರೆಗೆ. ಊರಿನ ಬೇಟೆಗಾರರ ಸಂಘ ಸೇರಿದರೆ ಕಾಡನ್ನು ಬಲ್ಲ ಹಿರಿಯರ ಜೊತೆ ನಡೆಯುವ ಅವಕಾಶ ಸಿಗುತ್ತದೆ, ಪುಸ್ತಕದಿಂದ ಬಾರದ ಕಲಿಕೆ ಅದು. ಇಷ್ಟೆಲ್ಲ ಓದಿದ ಮೇಲೂ ಮನಸ್ಸು ಗಟ್ಟಿಯಾಗಿಲ್ಲವೆಂದರೆ, ಗುಂಡಿನ ಬದಲು ಬೆಳಕಿನ ಕಿರಣ ಹಾಯಿಸುವ ‘ಬೀಮ್ ರೈಫಲ್’ಗೆ ಪರವಾನಗಿ ಬೇಕಿಲ್ಲ. ಪ್ರೌಢಶಾಲೆಯ ಮಕ್ಕಳೂ ಅದರಲ್ಲೇ ಸ್ಪರ್ಧಿಸುತ್ತಾರೆ. ಠಾಣೆಯ ಬಾಗಿಲು ತಟ್ಟುವ ಮೊದಲು ಕೆಲವು ತಿಂಗಳು ಅದರಲ್ಲಿ ಉಸಿರನ್ನೂ ನಿಲುವನ್ನೂ ಹದಕ್ಕೆ ತಂದುಕೊಳ್ಳಿ.