ಭೋಸರಿಯ ಶೆಡ್ಡಿನಲ್ಲಿ ವಿಮಾನದ ಬ್ರ್ಯಾಕೆಟ್

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಮಶೀನ್ ಶಾಪ್ ಇದೆ. ಹದಿನಾಲ್ಕು ವರ್ಷ ವಾಹನ ಕಂಪನಿಗಳಿಗೆ ಬುಷ್, ಫ್ಲ್ಯಾಂಜುಗಳನ್ನು ಸಾವಿರಗಟ್ಟಲೆ ಮಾಡಿಕೊಟ್ಟ ಮೇಲೆ ಬೆಂಗಳೂರಿನ ಗ್ರಾಹಕರೊಬ್ಬರಿಂದ ವಿಮಾನದ ಬಿಡಿಭಾಗದ ಮೊದಲ ಆರ್ಡರು ಬಂತು: 24 ಅಲ್ಯೂಮಿನಿಯಂ ಬ್ರ್ಯಾಕೆಟ್. ಪುಣೆಗೂ ವಿಮಾನಕ್ಕೂ ಏನು ನಂಟು ಎಂದು ಊರಿನವರು ಕೇಳುವುದುಂಟು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದ ವಾಲಚಂದ ಹೀರಾಚಂದರ ಸಕ್ಕರೆ ಕಾರ್ಖಾನೆ ಇದೇ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿತ್ತೆಂದು ನಾನು ಉತ್ತರಿಸುತ್ತೇನೆ.

ಡ್ರಾಯಿಂಗಿನಲ್ಲಿ 7075-ಟಿ651 ಎಂದು ಬರೆದಿತ್ತು: 7075 ಅಲ್ಯೂಮಿನಿಯಂ ಮಿಶ್ರಲೋಹದ ಸಂಖ್ಯೆ, ಟಿಯಿಂದ ಮುಂದಿನದು ಅದನ್ನು ಹದಮಾಡಿದ ಬಗೆ. ವ್ಯಾಪಾರಿ ಕೊಟ್ಟದ್ದು 7075-ಟಿ6 ಬಾರ್. ಲೋಹ ಒಂದೇ ತಾನೇ ಎಂದುಕೊಂಡು, ಲಾಟಿಗೆ ಮುನ್ನ ಒಂದು ತುಂಡನ್ನು ಪ್ರಯೋಗಕ್ಕೆಂದು ಕೊರೆಸಿದೆ. ಎರಡು ಮಿಲಿಮೀಟರ್ ಗೋಡೆಯ ಬ್ರ್ಯಾಕೆಟನ್ನು ವೈಸಿನ ಹಿಡಿತದಿಂದ ಬಿಡಿಸಿದಾಗ, ವಿಜಯಪುರದಿಂದ ಬಂದ ನಮ್ಮ ಆಪರೇಟರು ಅದನ್ನು ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲಿಟ್ಟು, "ಸಾಹೇಬ್ರ, ಬಿಚ್ಚಿದ ಕೂಡ್ಲೇ ಬಾಗ್ಯಾದ್ರಿ" ಎಂದ. ಸಂದು ಅಳೆಯುವ ಫೀಲರ್ ಗೇಜು 0.4 ಮಿಲಿಮೀಟರ್ ತೋರಿಸಿತು. ಕಾಯಿಸಿ ನೀರಿಗೆ ಅದ್ದಿದ ಅಲ್ಯೂಮಿನಿಯಂ ತನ್ನೊಳಗೆ ಸೆಳೆತವನ್ನು ಉಳಿಸಿಕೊಂಡಿರುತ್ತದೆ; ಟಿ651ರಲ್ಲಿ ಆ ಬಳಿಕ ಲೋಹದ ತಟ್ಟೆಯನ್ನು ಶೇಕಡಾ 1.5ರಿಂದ 3ರಷ್ಟು ಎಳೆದು ಆ ಸೆಳೆತವನ್ನು ಬಹುಮಟ್ಟಿಗೆ ಸಡಿಲಿಸಿರುತ್ತಾರೆ. ನಾನು ಕಡೆಗಣಿಸಿದ್ದ ಆ 51 ಎಂಬ ಅಂಕಿಯ ಅರ್ಥ ಅಷ್ಟೇ. ಸರಿಯಾದ ತಟ್ಟೆ ತರಿಸಿದ ಮೇಲೂ, ಎರಡೂ ಬದಿ ಒಂದೊಂದು ಮಿಲಿಮೀಟರ್ ಉಳಿಸಿ ರಫ್ ಮಾಡಿ, ಹಿಡಿತ ಸಡಿಲಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಫಿನಿಶ್ ಮಾಡುವ ಪದ್ಧತಿಗೆ ಬರಬೇಕಾಯಿತು.

ಮುಂದಿನ ತೊಡಕು ಬಿಸಿಲಿನದು. ಅಳತೆಗೆ ಒಪ್ಪಿತ ತಾಪಮಾನ 20 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ಡು 37. ಇನ್ನೂರು ಮಿಲಿಮೀಟರ್ ಅಲ್ಯೂಮಿನಿಯಂ ಅಷ್ಟು ತಣಿದರೆ ಸುಮಾರು 80 ಮೈಕ್ರಾನ್ ಕುಗ್ಗುತ್ತದೆ, ಆದರೆ ನಮ್ಮ ಕೈಯಲ್ಲಿನ ಉಕ್ಕಿನ ಗೇಜು ಅದರ ಅರ್ಧದಷ್ಟು ಮಾತ್ರ ಕುಗ್ಗುತ್ತದೆ. ಶೆಡ್ಡಿನಲ್ಲಿ ಪಾಸಾದ ತುಂಡು ಗ್ರಾಹಕರ ತಂಪಾದ ಸಿಎಂಎಂ (ಅಳತೆ ಯಂತ್ರದ) ಕೋಣೆಯಲ್ಲಿ ಫೇಲಾದದ್ದು ಹೀಗೆ. ಎಸಿ ಕೋಣೆ ಕಟ್ಟಿಸಿ, ತುಂಡುಗಳನ್ನು ಅಲ್ಲಿ ತಣಿಯಲು ಬಿಟ್ಟೇ ಅಳೆಯತೊಡಗಿದೆವು.

ಕಾಗದದ ಕೆಲಸವನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಗರಗಸದಲ್ಲಿ ಕೊಯ್ದ ಎರಡು ತುಂಡುಗಳ ಮೇಲೆ ಮಾರ್ಕರಿನಲ್ಲಿ ಬರೆದಿದ್ದ ಹೀಟ್ ನಂಬರು, ಅಂದರೆ ಲೋಹ ಯಾವ ಎರಕದ್ದೆಂದು ಹೇಳುವ ಸಂಖ್ಯೆ, ಮಶೀನಿನ ಕೂಲಂಟ್ ದ್ರವದಲ್ಲಿ ಅಳಿಸಿಹೋಯಿತು. ಅವು ಅದೇ ತಟ್ಟೆಯವೆಂದು ನನಗೆ ಗೊತ್ತಿತ್ತು, ಆದರೆ ಲೋಹ ತಯಾರಕರು ಕೊಟ್ಟ ಮಿಲ್ ಸರ್ಟಿಫಿಕೇಟಿನೊಂದಿಗೆ ಅವನ್ನು ಜೋಡಿಸುವ ಗುರುತು ಇರಲಿಲ್ಲ. ಎರಡನ್ನೂ ಗುಜರಿಗೆ ಹಾಕಿದೆ. ಈಗ ತುಂಡು ಬದಲಾದಂತೆಲ್ಲ ಟ್ರೇಯ ಟ್ಯಾಗೂ ಅದರ ಜೊತೆಯಲ್ಲೇ ನಡೆಯುತ್ತದೆ. ಮೊದಲ ತುಂಡಿನ ತಪಾಸಣೆಯ ಮಾನದಂಡವಾದ ಎಎಸ್9102ರ ಮೂರು ಫಾರ್ಮುಗಳಿಗಾಗಿ ಡ್ರಾಯಿಂಗಿನ ಪ್ರತಿ ಅಳತೆಗೂ ಸಂಖ್ಯೆ ಕೊಟ್ಟು, ಮೊದಲ ತುಂಡಿನ ಫಲಿತಾಂಶ ತುಂಬಲು ಎರಡು ದಿನ ಹಿಡಿಯಿತು. ವಿಮಾನೋದ್ಯಮದ ಗುಣಮಟ್ಟ ವ್ಯವಸ್ಥೆಯ ಎಎಸ್9100 ಪ್ರಮಾಣಪತ್ರಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಸಾಮಾನ್ಯ ಗುಣಮಟ್ಟದ ಐಎಸ್ಒ 9001 ಮೊದಲೇ ಇದ್ದದ್ದರಿಂದ ಅಷ್ಟರಲ್ಲೇ ಮುಗಿಯಿತು. ಆನೋಡೈಸಿಂಗನ್ನು, ಅಂದರೆ ಮೇಲ್ಮೈಗೆ ರಕ್ಷಣಾ ಪದರ ಕೊಡುವ ಕೆಲಸವನ್ನು, ಗ್ರಾಹಕರು ಒಪ್ಪಿದ, ಇಂಥ ಪ್ರಕ್ರಿಯೆಗಳಿಗೆ ವಿಮಾನೋದ್ಯಮ ಕೊಡುವ ನ್ಯಾಡ್‌ಕ್ಯಾಪ್ ಮಾನ್ಯತೆಯ ಘಟಕಕ್ಕೆ ಕಳುಹಿಸುತ್ತೇನೆ.

ದರ ಹೇಳುವಾಗ ನಾನು ವಾಹನದ ಲೆಕ್ಕವನ್ನೇ ಹಾಕಿ, ಕಟಿಂಗ್ ನಿಮಿಷಗಳನ್ನಷ್ಟೇ ಎಣಿಸಿದ್ದೆ. 24 ತುಂಡಿನ ಲಾಟಿನಲ್ಲಿ ಪ್ರೋಗ್ರಾಮು, ಫಿಕ್ಸ್‌ಚರು, ತಪಾಸಣೆಗಳ ಖರ್ಚೇ ಕೊರೆಯುವ ಖರ್ಚಿಗಿಂತ ಹೆಚ್ಚಾಯಿತು, ಮೊದಲ ಆರ್ಡರಿನಲ್ಲಿ ಕೈಯಿಂದ ಹಣ ಹೋಯಿತು. ಮುಂದೆ ಇನ್ನೊಬ್ಬ ಗ್ರಾಹಕರು ಬಿಲ್ಲನ್ನು ನಾಲ್ಕು ತಿಂಗಳು ಹಿಡಿದಿಟ್ಟರು. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು. ನಮ್ಮದು ಸಣ್ಣ ಉದ್ಯಮವೆಂದು ತೋರಿಸುವ ‘ಉದ್ಯಮ’ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸುವುದನ್ನು ಆಗ ಶುರುಮಾಡಿದೆ.

ಇಂದಿಗೂ ನನ್ನ ಏಳು ಮಶೀನುಗಳಲ್ಲಿ ಎರಡು ಮಾತ್ರ ವಿಮಾನದ ಕೆಲಸಕ್ಕೆ ಮೀಸಲಾಗಿವೆ. ಸಂಬಳ ಹೊರಡುವುದು ಉಳಿದ ಐದರ ವಾಹನದ ಕೆಲಸದಿಂದಲೇ.