ಎರಡನೇ ಹೆರಿಗೆ: ಬಾಗಿಲ ಹೊರಗೆ ನಿಂತವನ ಕೆಲಸ

ಚೊಚ್ಚಲ ಬಾಣಂತನ ತವರಿನಲ್ಲಾಗುವ ಸೀಮೆ ನಮ್ಮದು. ಹಾಗಾಗಿ ಮೊದಲ ಮಗುವಿಗೆ ಗಂಡಸು ಬಹುಪಾಲು ಫೋನಿನಲ್ಲೇ ತಂದೆಯಾಗುತ್ತಾನೆ. ಸುದ್ದಿ ಬಂದ ಮೇಲೆ ಪೇಡೆ ಕಟ್ಟಿಸಿಕೊಂಡು ಹೋಗಿ ನೋಡಿ ಬಂದರೆ ಆಯಿತು. ಎರಡನೆಯದು ನಮ್ಮ ಮನೆಯಲ್ಲೇ ಎಂದು ನಿಕ್ಕಿಯಾದರೆ ಎಲ್ಲ ಓಡಾಟ ಅವನ ತಲೆಗೆ ಬರುತ್ತದೆ. ಕಾರಟಗಿ ಕಡೆಯ ಹಳ್ಳಿಯಿಂದ ಗಂಗಾವತಿ, ಬೇಕಾದರೆ ಅಲ್ಲಿಂದ ಮುಂದೆ ಕೊಪ್ಪಳ ಎಂಬ ದಾರಿಗೆ ನಾನು ಏನೇನು ಸಿದ್ಧ ಮಾಡಿಕೊಂಡೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ಬರಹ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಹೊತ್ತಿನ ಲೆಕ್ಕ. ಮೊದಲ ಹೆರಿಗೆಗೆ ಬ್ಯಾನಿ ಹತ್ತಿ ಹನ್ನೆರಡು ತಾಸು, ಕೆಲವರಿಗೆ ಹದಿನೆಂಟು ತಾಸು ಹಿಡಿಯುತ್ತದೆ. ಎರಡನೆಯದಕ್ಕೆ ಆರೆಂಟು ತಾಸು. ಮೂರು-ನಾಲ್ಕು ತಾಸಿನಲ್ಲಿ ಮುಗಿಯುವುದೂ ಅಪರೂಪವಲ್ಲ. ಒಮ್ಮೆ ತೆರೆದ ಗರ್ಭಕೋಶದ ಬಾಯಿ ಎರಡನೇ ಸಲ ಬೇಗ ಸಡಿಲಾಗುತ್ತದೆ. ಮನೆಯ ಹಿರಿಯರು ಮಾತ್ರ ಮೊದಲನೆಯದರ ಲೆಕ್ಕವನ್ನೇ ಹಿಡಿದು ಕೂತಿರುತ್ತಾರೆ: 'ಈಗ ಹತ್ತ್ಯಾವ, ಇನ್ನೂ ಭಾಳ ಹೊತ್ತೈತಿ, ಉಂಡು ಹೋಗ್ರಿ.' ಆ ಊಟದ ಹೊತ್ತಿನಲ್ಲೇ ಕೆಲಸ ಕೆಡುವುದು.

ಬ್ಯಾನಿಯನ್ನು ಫೋನಿನ ಗಡಿಯಾರದಲ್ಲಿ ಅಳೆದೆ. ಒಂದು ನೋವು ಶುರುವಾದ ಗಳಿಗೆಯಿಂದ ಮುಂದಿನ ನೋವು ಶುರುವಾಗುವ ಗಳಿಗೆಗೆ ಲೆಕ್ಕ ಹಿಡಿಯಬೇಕು. ನೋವು ನಿಂತಲ್ಲಿಂದ ಹಿಡಿದರೆ ಅಂತರ ತಪ್ಪಾಗಿ ಕಾಣುತ್ತದೆ. ನೀರು ಕುಡಿದು, ನಾಲ್ಕು ಹೆಜ್ಜೆ ಅಡ್ಡಾಡಿದರೆ ತಗ್ಗುವುದು ಸುಳ್ಳು ಬ್ಯಾನಿ. ನಡುವಿನಿಂದ ಹೊಟ್ಟೆಗೆ ಬಂದು, ಬರಬರುತ್ತಾ ಹತ್ತಿರವೂ ಜೋರೂ ಆಗುವುದು ಖರೆ ಬ್ಯಾನಿ. ಚೊಚ್ಚಲಿಗೆ ಐದು ನಿಮಿಷಕ್ಕೊಂದು ಬರುವ ತನಕ ಕಾಯಬಹುದು ಎನ್ನುತ್ತಾರೆ. ಎರಡನೆಯದಕ್ಕೆ ಹತ್ತು ನಿಮಿಷಕ್ಕೊಂದು ತಪ್ಪದೆ ಬರತೊಡಗಿದಾಗಲೇ ಗಾಡಿ ಹತ್ತಬೇಕು, ಹಳ್ಳಿಯವರಂತೂ ಹತ್ತಲೇಬೇಕು. ನೀರು ಒಡೆದರೆ, ರಕ್ತ ಕಂಡರೆ, ಕೂಸು ಮಿಸುಕಾಡುವುದು ಕಡಿಮೆಯಾದರೆ ಬ್ಯಾನಿಯ ಲೆಕ್ಕ ಬೇಡ, ಹೊರಡುವುದೇ. ಒಡೆದ ನೀರಿನ ಹೊತ್ತನ್ನೂ ಬಣ್ಣವನ್ನೂ ನೆನಪಿಡಿ. ಹಸಿರು ಬೆರೆತಿದ್ದರೆ ಕೂಸು ಒಳಗೇ ಹೇತಿದೆ ಎಂದು, ಅದನ್ನು ಸಿಸ್ಟರ್ ಮೊದಲೇ ಕೇಳುತ್ತಾರೆ.

ದಾರಿಯ ವಿಚಾರ. ತುಂಗಭದ್ರೆಯ ಎಡದಂಡೆ ಕಾಲುವೆ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಭತ್ತದ ಟ್ರ್ಯಾಕ್ಟರು, ಕೊಯ್ಯುವ ದೊಡ್ಡ ಮಷೀನು, ಅಕ್ಕಿ ಗಿರಣಿಗೆ ಸಾಲುಗಟ್ಟಿದ ಲಾರಿಗಳು. ಹಗಲು ಮುಕ್ಕಾಲು ತಾಸಿನ ದಾರಿ ಆಗ ಒಂದೂವರೆ ತಾಸಾಗುತ್ತದೆ. ಒಂಬತ್ತು ತಿಂಗಳಲ್ಲಿ ಬಿದ್ದ ಮೇಲೆ ಒಮ್ಮೆ ರಾತ್ರಿ ಆ ದಾರಿಯಲ್ಲಿ ಹೋಗಿ ಬನ್ನಿ. ಆಸ್ಪತ್ರೆಯ ಯಾವ ಗೇಟು ರಾತ್ರಿ ತೆರೆದಿರುತ್ತದೆ, ಹೆರಿಗೆ ವಾರ್ಡು ಯಾವ ಮಹಡಿಯಲ್ಲಿದೆ, ಲಿಫ್ಟ್ ನಡೆಯುತ್ತದೋ ಇಲ್ಲವೋ ಎಂಬುದು ಹಗಲಿನಲ್ಲಿ ತಿಳಿಯದು. 108ಕ್ಕೆ ಕರೆ ಮಾಡುವಾಗ ಊರಿನ ಹೆಸರಿನ ಜೊತೆ ಹೋಬಳಿ, ತಾಲ್ಲೂಕು, ಹತ್ತಿರದ ಗುಡಿಯೋ ಶಾಲೆಯೋ ಹೇಳಿ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಷ್ಟನೇ ಹೆರಿಗೆ, ಎಷ್ಟು ನಿಮಿಷಕ್ಕೊಂದು ಬ್ಯಾನಿ, ಮೊದಲನೆಯದು ಸಿಸೇರಿಯನ್ನೋ ಅಲ್ಲವೋ, ಇಷ್ಟು ಬಾಯಿಪಾಠ ಇರಲಿ. ಅದರ ಮೇಲೆ ಊರಿನ ಇಬ್ಬರು ಗಾಡಿಯವರಿಗೆ ಮೊದಲೇ ಹೇಳಿಡಬೇಕು. ಒಬ್ಬನೇ ಆದರೆ ಆ ರಾತ್ರಿ ಅವನು ಮದುವೆ ಬಾಡಿಗೆಗೆ ಹೋಗಿರುತ್ತಾನೆ. ಗಾಡಿಯಲ್ಲಿ ಎಡಮಗ್ಗುಲಿಗೆ ಮಲಗಿಸಿ. ಅಕಸ್ಮಾತ್ ದಾರಿಯಲ್ಲೇ ಕೂಸು ಬಂದರೆ ಎಳೆಯಬಾರದು, ಹೊಕ್ಕಳಬಳ್ಳಿ ಕೊಯ್ಯಬಾರದು. ಒಣಬಟ್ಟೆಯಿಂದ ಒರೆಸಿ, ತಾಯಿಯ ಬರಿಮೈ ಎದೆಯ ಮೇಲೆ ಮಲಗಿಸಿ, ಇಬ್ಬರನ್ನೂ ಸೇರಿಸಿ ಹೊದಿಸಿ, ಗಾಡಿ ನಿಲ್ಲಿಸದೆ ಆಸ್ಪತ್ರೆಗೆ ನಡೆಯಿರಿ.

ಯಾವ ಆಸ್ಪತ್ರೆ ಎನ್ನುವಾಗ 'ಡಾಕ್ಟ್ರು ಛಲೋ ಅದಾರೇನು' ಎಂದು ಎಲ್ಲರೂ ಕೇಳುತ್ತಾರೆ. ನಾನು ಕೇಳಿದ್ದು ಬೇರೆ: ರಾತ್ರಿ ಎರಡು ಗಂಟೆಗೆ ಇಲ್ಲಿ ಸಿಸೇರಿಯನ್ ಆಗುತ್ತದೆಯೇ? ಅಂದರೆ ಅರಿವಳಿಕೆ ಡಾಕ್ಟರು ಕರೆದರೆ ಬರುವಷ್ಟು ಹತ್ತಿರ ಇರುತ್ತಾರೆಯೇ, ರಕ್ತ ಇಲ್ಲೇ ಸಿಗುತ್ತದೆಯೇ? ಮೊದಲನೆಯದು ಸಿಸೇರಿಯನ್ ಆಗಿದ್ದವರು ಇದನ್ನು ಕೇಳದೆ ಇರಲೇಬಾರದು. ಹಳೆಯ ಹೊಲಿಗೆಯ ಗಾಯ ಬ್ಯಾನಿಯಲ್ಲಿ ಬಿರಿಯುವುದು ಇನ್ನೂರರಲ್ಲಿ ಒಬ್ಬರಿಗೆ ಎಂಬಷ್ಟು ಅಪರೂಪ, ಆದರೆ ಬಿರಿದರೆ ಉಳಿಯುವುದು ಕೆಲವೇ ನಿಮಿಷ. ಅಂಥವರಿಗೆ ನಡುವಿನ ನಿಲ್ದಾಣ ಬೇಡ. ಜಿಲ್ಲಾ ಆಸ್ಪತ್ರೆಯೋ ಮೆಡಿಕಲ್ ಕಾಲೇಜು ಆಸ್ಪತ್ರೆಯೋ ಎಂದು ಎಂಟರಲ್ಲೇ ಮಾತಾಡಿ, ಮೊದಲ ಹೆರಿಗೆಯ ಡಿಸ್‌ಚಾರ್ಜ್ ಚೀಟಿ ತೋರಿಸಿ ಗೊತ್ತು ಮಾಡಿಕೊಳ್ಳಿ. ಆ ಚೀಟಿ ಸಾಮಾನ್ಯವಾಗಿ ತವರಿನ ಟ್ರಂಕಿನಲ್ಲಿರುತ್ತದೆ. ಈಗಲೇ ತರಿಸಿ.

ಹಳೆಯ ತಾಯಿ ಕಾರ್ಡೂ ಅದೇ ಟ್ರಂಕಿನಲ್ಲಿರುತ್ತದೆ, ಅದೂ ಬೇಕು. ಮೊದಲ ಬಸುರಿನಲ್ಲಿ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಎರಡು ಆಗಿ, ಮೂರು ವರ್ಷದೊಳಗೆ ಮತ್ತೆ ಬಸುರಾಗಿದ್ದರೆ ಈ ಸಲ ಒಂದೇ ಸಾಕು. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದು ತಂದೆಯದು ಪಾಸಿಟಿವ್ ಆಗಿದ್ದರೆ ಎರಡನೇ ಮಗುವಿಗೇ ತೊಂದರೆ ಹೆಚ್ಚು. ಮೊದಲ ಕೂಸಿನ ರಕ್ತ ಬೆರೆತಾಗ ತಾಯಿಯ ಮೈ ಅದರ ವಿರುದ್ಧ ತಯಾರಾಗಿದ್ದರೆ ಪೆಟ್ಟು ಬೀಳುವುದು ಎರಡನೆಯದಕ್ಕೆ. ಮೊದಲ ಹೆರಿಗೆಯಾದ 72 ತಾಸಿನೊಳಗೆ, ಮೈ ಹಾಗೆ ತಯಾರಾಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಕೊಟ್ಟಿದ್ದಾರೋ ಎಂದು ಚೀಟಿಯಲ್ಲಿ ಹುಡುಕಿ. ಈ ಸಲ 28ನೇ ವಾರಕ್ಕೊಂದು, ಕೂಸು ಪಾಸಿಟಿವ್ ಆಗಿದ್ದರೆ ಹೆರಿಗೆಯ ನಂತರ 72 ತಾಸಿನೊಳಗೆ ಇನ್ನೊಂದು, ತಲಾ 300 ಮೈಕ್ರೋಗ್ರಾಂ. ಇದು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ, ಸಣ್ಣ ಊರಿನ ಅಂಗಡಿಯಲ್ಲಿ ಭಾನುವಾರ ರಾತ್ರಿ ಸಿಗುತ್ತದೆಂದು ನಂಬಬೇಡಿ.

ರಕ್ತದ ಪ್ರಮಾಣ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಬಂದರೆ ಗಂಭೀರ. ಮೊದಲ ಮಗುವಿಗೆ ಹಾಲು ಬಿಡಿಸುವ ಮೊದಲೇ ಎರಡನೆಯದು ನಿಂತವರಲ್ಲಿ ಇದು ಸಾಮಾನ್ಯ, ಮೈಯಲ್ಲಿ ಕಬ್ಬಿಣ ಕೂಡಿಕೊಳ್ಳಲು ಬಿಡುವೇ ಸಿಕ್ಕಿರುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಚಹಾದ ಜೊತೆಗೂ ಕ್ಯಾಲ್ಸಿಯಂ ಗುಳಿಗೆಯ ಜೊತೆಗೂ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ; ಎರಡು ತಾಸು ಅಂತರ ಬೇಕು, ಲಿಂಬಿ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಿ ನಿಲ್ಲಿಸಬಾರದು. ಗುಳಿಗೆ ನೆನಪಿಸುವುದು ಗಂಡನ ಕೆಲಸವೇ.

ಇನ್ನು ಆಸ್ಪತ್ರೆಯ ಪಡಸಾಲೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಣ್ಣುಮಗಳಿಗೆ ಅವಕಾಶ ಇರುತ್ತದೆ. ಗಂಡಸನ್ನು ಬಹುತೇಕ ಕಡೆ ಬಿಡುವುದಿಲ್ಲ, ಒಳಗೆ ಬೇರೆ ಹೆಣ್ಣುಮಕ್ಕಳೂ ಇರುತ್ತಾರೆ. ಆದ್ದರಿಂದ ಒಳಗೆ ಹೋಗುವವರು ಯಾರೆಂಬುದು ಮುಖ್ಯ. ಅತ್ತೆಯೇ ಆಗಬೇಕೆಂದಿಲ್ಲ. ಹೆತ್ತು ಅನುಭವ ಇದ್ದು, ಕೂಗಾಡದೆ, ಸಿಸ್ಟರ್ ಹೇಳಿದ್ದನ್ನು ಹೊರಗೆ ಬಂದು ಇದ್ದಂತೆಯೇ ಹೇಳುವವರಾಗಬೇಕು. ಯಾರು ಬೇಕೆಂದು ಹೆರುವವಳನ್ನೇ ಕೇಳಿ.

ಹೊರಗಿನವನು ಪಡಸಾಲೆ ಬಿಟ್ಟು ಚಹಾದಂಗಡಿಗೆ ಹೋಗಬಾರದು. ಸಹಿ, ಔಷಧ, ರಕ್ತ, ಮೂರಕ್ಕೂ ಕೂಗುವುದು ಅವನನ್ನೇ. ರಕ್ತ ಬೇಕೆಂದರೆ ತಾಯಿಯ ರಕ್ತದ ಮಾದರಿ ಮತ್ತು ಫಾರ್ಮು ಕೈಗೆ ಕೊಡುತ್ತಾರೆ. ಬ್ಲಡ್ ಬ್ಯಾಂಕಿಗೆ ಓಡುವ ಮೊದಲು ಅಲ್ಲೇ ನಿಂತು ಮೂರು ನೋಡಿ: ಟ್ಯೂಬಿನ ಮೇಲೂ ಫಾರ್ಮಿನ ಮೇಲೂ ಹೆಸರು, ಒಳರೋಗಿ ಸಂಖ್ಯೆ ಒಂದೇ ಇದೆಯೇ, ಡಾಕ್ಟರ ಸಹಿ ಇದೆಯೇ. ಒಂದು ತಪ್ಪಿದರೂ ವಾಪಸ್ ಕಳಿಸುತ್ತಾರೆ. ಅವರು ಮಾಡುವುದು ಸರಿಯೇ. ರಕ್ತದ ಚೀಲ ತಂದ ಕೂಡಲೇ ಸಿಸ್ಟರ ಕೈಗೆ ಕೊಡಿ, ಅರ್ಧ ತಾಸಿಗಿಂತ ಹೆಚ್ಚು ಹೊರಗಿದ್ದ ಚೀಲವನ್ನು ಮತ್ತೆ ಫ್ರಿಜ್ಜಿನೊಳಗೆ ಇಡುವಂತಿಲ್ಲ. ಗಂಡನ ರಕ್ತವನ್ನು ಹೆಂಡತಿಗೆ ಸಾಮಾನ್ಯವಾಗಿ ಹಾಕುವುದಿಲ್ಲ, ಬದಲಿಯಾಗಿ ಕೊಡಬಹುದು. ಇನ್ನಿಬ್ಬರು ಗೆಳೆಯರನ್ನು ಗುರುತು ಮಾಡಿಟ್ಟುಕೊಳ್ಳಿ: ವಯಸ್ಸು 18 ದಾಟಿರಬೇಕು, ತೂಕ 45 ಕಿಲೋ ಮೇಲಿರಬೇಕು, ಹಿಮೋಗ್ಲೋಬಿನ್ 12.5 ಇರಬೇಕು, ಹಿಂದೆ ಕೊಟ್ಟು ಮೂರು ತಿಂಗಳಾಗಿರಬೇಕು. ಕುಡಿದು ಬರುವವನು ಬೇಡ.

ಕೂಸು ಹುಟ್ಟಿದ ಮೇಲೆ ಹೊರಗೆ ಎಲ್ಲರೂ ಗಂಡೋ ಹೆಣ್ಣೋ ಎಂಬಲ್ಲೇ ನಿಲ್ಲುತ್ತಾರೆ. ಕೇಳಬೇಕಾದ್ದು ಬೇರೆ ಇದೆ. ಅತ್ತಿತೇ? ತೂಕ ಎಷ್ಟು? 2.5 ಕಿಲೋಗಿಂತ ಕಡಿಮೆಯಾದರೆ ಹೆಚ್ಚಿನ ಆರೈಕೆ. ಒಂದು ತಾಸಿನೊಳಗೆ ಎದೆಗೆ ಹಚ್ಚಿದರೇ? ವಿಟಮಿನ್ ಕೆ, ಬಿಸಿಜಿ, ಪೋಲಿಯೋ ಹನಿ, 24 ತಾಸಿನೊಳಗೆ ಹೆಪಟೈಟಿಸ್ ಬಿ ಆಯಿತೇ? ತಾಯಿಗೆ ಮೊದಲ ಎರಡು ತಾಸು ಬಹಳ ಎಚ್ಚರದ ಹೊತ್ತು. ಒಂದು ತಾಸಿನಲ್ಲಿ ಇಡೀ ಪ್ಯಾಡು ತೊಯ್ದರೆ, ದೊಡ್ಡ ಗಡ್ಡೆ ಬಿದ್ದರೆ, ಕಣ್ಣು ಕತ್ತಲೆ ಎಂದರೆ ಸಿಸ್ಟರನ್ನು ಕರೆಯಲು ಸಂಕೋಚ ಬೇಡ. ಹಾಲು ಕುಡಿಸುವಾಗ ಹೊಟ್ಟೆ ಹಿಂಡುವ ನೋವು ಮಾತ್ರ ಎರಡನೆಯದರಲ್ಲಿ ಮೊದಲಿಗಿಂತ ಜೋರು. ಗರ್ಭಕೋಶ ಕುಗ್ಗುವ ಲಕ್ಷಣ ಅದು, ನಾಲ್ಕೈದು ದಿನದಲ್ಲಿ ಇಳಿಯುತ್ತದೆ.

ಜನನ ನೋಂದಣಿಯಲ್ಲಿ ಹತ್ತು ನಿಮಿಷ ಕಳೆದರೆ ಹತ್ತು ವರ್ಷದ ಓಡಾಟ ಉಳಿಯುತ್ತದೆ. ಆಸ್ಪತ್ರೆಯಲ್ಲಿ ಫಾರ್ಮು ತುಂಬುವವರು ಬಾಯಲ್ಲಿ ಕೇಳಿ ಬರೆದುಕೊಳ್ಳುತ್ತಾರೆ. ತಾಯಿಯ ಆಧಾರ್ ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಮನೆಯದು, ತಂದೆಯ ಹೆಸರಲ್ಲಿ ಒಂದು ಕಡೆ 'ಬಸವರಾಜ', ಇನ್ನೊಂದು ಕಡೆ 'ಬಸವರಾಜಪ್ಪ', ಹೀಗೆ. ಮೊದಲ ಮಗುವಿನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಅಕ್ಷರ ಅಕ್ಷರ ಹಾಗೆಯೇ ಬರೆಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ನಾನು ಎರಡೂ ಭಾಷೆಯಲ್ಲಿ ದೊಡ್ಡಕ್ಷರದ ಚೀಟಿ ಬರೆದುಕೊಂಡು ಹೋಗಿ ಕೈಗೇ ಕೊಟ್ಟೆ. 21 ದಿನದೊಳಗೆ ನೋಂದಣಿಯಾಗಬೇಕು. ಕೂಸಿನ ಹೆಸರನ್ನು ಆಗಲೇ ಹೇಳಬೇಕೆಂದಿಲ್ಲ, ತೊಟ್ಟಿಲಿಗೆ ಹಾಕಿದ ಮೇಲೆ ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ಆಧಾರ ಈ ಪತ್ರವೇ. ಎರಡನೆಯದು ಹೆಣ್ಣಾದರೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ 6,000 ರೂಪಾಯಿ ಒಂದೇ ಕಂತಿನಲ್ಲಿ ಬರುತ್ತದೆ; ಅಂಗನವಾಡಿಯಲ್ಲಿ ಅರ್ಜಿ. ತಾಯಿಯ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ.

ಮನೆಗೆ ಬಂದ ಮೇಲೆ ನಮ್ಮ ಸೀಮೆಯ ಬಿಸಿಲೇ ದೊಡ್ಡ ಪ್ರಶ್ನೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕಿಟಕಿ ಮುಚ್ಚಿ, ಕುಲಾವಿ ಹಾಕಿ, ಎರಡು ಕೌದಿ ಸುತ್ತಿ, ಹೊರಸಿನ ಕೆಳಗೆ ಕೆಂಡ ಇಟ್ಟರೆ ಕೂಸಿಗೆ ಜ್ವರ ಬಂದಂತೆ ಮೈ ಸುಡುತ್ತದೆ. ಕೂಸಿನ ಮೈ 36.5ರಿಂದ 37.5 ಡಿಗ್ರಿ ಇರಬೇಕು. ಮೈ ಬಿಸಿ ಎನಿಸಿದರೆ ಹೊದಿಕೆ ಸಡಿಲಿಸಿ, ಮೊಲೆ ಕೊಟ್ಟು, ಅರ್ಧ ತಾಸಿಗೆ ಮತ್ತೆ ಅಳೆಯಿರಿ. ಇಳಿಯದಿದ್ದರೆ, ಇಲ್ಲವೇ ಮೊಲೆ ಹಿಡಿಯದಿದ್ದರೆ, ಆಸ್ಪತ್ರೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಬೇರೆ ಅಪಾಯ, ವಾಸನೆಯೇ ಇಲ್ಲದ ವಿಷಗಾಳಿ ಅದು. ಅವ್ವನ ಹತ್ತಿರ ವಾದ ಮಾಡಿ ಗೆಲ್ಲಲಾಗದು. ಅಂಟಿನುಂಡಿ, ಅಳವಿ, ಬಳ್ಳೊಳ್ಳಿ ಎಲ್ಲ ನಡೆಯಲಿ, ಕೆಂಡ ಮಾತ್ರ ಪಡಸಾಲೆಯಲ್ಲಿರಲಿ ಎಂದು ರಾಜಿಗೆ ಬಂದೆವು. ಬೇಸಿಗೆಯೆಂದು ಕೂಸಿಗೆ ನೀರು ಕುಡಿಸುವುದೂ ಬೇಡ, ಮೊಲೆಹಾಲಿನಲ್ಲೇ ನೀರಿದೆ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಬಟ್ಟೆ ಉಚ್ಚೆಯಿಂದ ತೊಯ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಬಾಣಂತಿಗೆ ನೀರು ಅಳತೆ ಮಾಡಿ ಕೊಡುವ ಪದ್ಧತಿ ಇದ್ದ ಮನೆಯಲ್ಲಿ ಈ ಲೆಕ್ಕ ಮೊದಲು ತಪ್ಪುತ್ತದೆ. ಹೊಕ್ಕಳಿಗೆ ಎಣ್ಣೆ, ಕುಂಕುಮ, ಪೌಡರು ಏನೂ ಬೇಡ, ಒಣಗಿ ತಾನೇ ಬೀಳುತ್ತದೆ. ಅರಿಸಿನ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ. ಮೊದಲ 24 ತಾಸಿನಲ್ಲೇ ಕಂಡರೆ, ಇಲ್ಲವೇ ಅಂಗೈ ಅಂಗಾಲಿಗೆ ಇಳಿದರೆ, ತಡ ಮಾಡದೆ ತೋರಿಸಿ. ಮೊದಲ ಮಗುವಿಗೂ ಕಾಮಾಲೆಗೆ ನೀಲಿ ಬೆಳಕಿನಲ್ಲಿ ಇಟ್ಟಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ದೊಡ್ಡ ಮಗುವಿಗೆ ಆ ವಾರ ಬೇಕಾದ್ದು ಅಪ್ಪ. ಕೂಸನ್ನು ಮೊದಲ ಸಲ ತೋರಿಸುವಾಗ ತಾಯಿಯ ಮಡಿಲು ಖಾಲಿ ಇರಲಿ, ಕೂಸು ಪಕ್ಕದಲ್ಲಿ ಮಲಗಿರಲಿ. 'ಇನ್ನು ನಿಮ್ಮವ್ವ ನಿನಗ ಸಿಗಂಗಿಲ್ಲ ನೋಡು' ಎಂದು ನಗುವ ನೆಂಟರನ್ನು ಅಲ್ಲೇ ತಡೆಯಿರಿ.

ಕಡೆಯದಾಗಿ, ಇನ್ನು ಮಕ್ಕಳಾಗದಂತೆ ಮಾಡಿಸುವ ಆಪರೇಷನ್ನು. ಎರಡಾದ ಕೂಡಲೇ ಎಲ್ಲರ ಕಣ್ಣು ಬಾಣಂತಿಯ ಮೇಲೆ. ಬ್ಯಾನಿಯ ನಡುವೆ ಸಹಿ ಹಾಕುವ ವಿಚಾರ ಅದಲ್ಲ. ಎಂಟರಲ್ಲೇ ಇಬ್ಬರೂ ಕೂತು ಮಾತಾಡಬೇಕು. ಹೆಣ್ಣಿನದು ಹೊಟ್ಟೆ ಕೊಯ್ಯುವ ಕೆಲಸ. ಗಂಡಸಿನದು ಹೊಲಿಗೆಯಿಲ್ಲದ್ದು, ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಕಾಲು ತಾಸಿನಲ್ಲಿ ಮುಗಿಸುತ್ತಾರೆ, ಅಂದೇ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಮೂಟೆ ಹೊರುವುದು, ಸೈಕಲ್ ತುಳಿಯುವುದು ಬೇಡ. ಗಂಡಸ್ತನ ಹೋಗುತ್ತದೆ, ಹೊಲದ ಕೆಲಸ ಆಗದು ಎಂಬುದೆಲ್ಲ ಕಟ್ಟೆಯ ಮೇಲಿನ ಮಾತು. ವೀರ್ಯಾಣು ಹರಿಯುವ ಎರಡು ನಾಳ ಕಟ್ಟುತ್ತಾರೆ, ಬೇರೇನನ್ನೂ ಮುಟ್ಟುವುದಿಲ್ಲ. ಜನ ಎಡವುವುದು ಒಂದೇ ಕಡೆ: ಅಂದಿನಿಂದಲೇ ಫಲ ಎಂದುಕೊಳ್ಳುತ್ತಾರೆ. ನಾಳದ ಮುಂದಿನ ಭಾಗದಲ್ಲಿ ಉಳಿದದ್ದು ಖಾಲಿಯಾಗಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ನಿರೋಧ್ ಬಿಡುವಂತಿಲ್ಲ. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂಬ ಚೀಟಿ ತಗೊಳ್ಳಬೇಕು. ನನ್ನ ಆ ಚೀಟಿ ತಾಯಿ ಕಾರ್ಡು ಇರುವ ಫೈಲಿನಲ್ಲೇ ಇದೆ.